ಗ್ರೆಗ್ ಎಂಬ ಆಫೀಸರ್ ಇರಲೇ ಇಲ್ಲ

ಆ ಬುಧವಾರ ಮಧ್ಯಾಹ್ನ ಶಕುಂತಲಾ ಆಂಟಿಯ ಮನೆಗೆ ಕೌನ್ಸಿಲ್ ಆಫೀಸಿನಿಂದ ಬಂತು ಎನ್ನಲಾದ ಫೋನು — ಮಾಲ್ ಪಕ್ಕದ ಕ್ಯಾಸಿನೋ ಬಗೆಗಿನ ಹಿಯರಿಂಗ್ ಒಂದು ವಾರ ಮುಂದಕ್ಕೆ ಹೋಗಿದೆ ಎಂದು ತಿಳಿಸಿದ ಆ ಫೋನು — ಕೌನ್ಸಿಲ್‌ನಿಂದ ಬಂದದ್ದಲ್ಲ. ಅದನ್ನು ಮಾಡಿದವನು ನಾನು. ಗ್ರೆಗ್ ಎಂಬ ಆಫೀಸರ್ ಇರಲೇ ಇಲ್ಲ. ಅವನ ಗೊಗ್ಗರು ದನಿ, ಮಾತಿನ ನಡುವೆ ಮೂಗಿನಿಂದ ಬಿಡುತ್ತಿದ್ದ ಉಸಿರು, ‘ನೋ ವರೀಸ್’ ಎನ್ನುವಾಗಿನ ಆ ಧಾರಾಳತನ — ಎಲ್ಲವೂ ನಮ್ಮ ಮನೆಯ ಅಡುಗೆಕೋಣೆಯ ಗೋಡೆಗೆ ತೂಗಿಬಿದ್ದಿದ್ದ ಫೋನಿನಿಂದ, ನನ್ನ ಗಂಟಲಿನಿಂದ ಹೊರಟದ್ದು.

ಇಷ್ಟು ಹೇಳಲು ನನಗೆ ಆರು ವರ್ಷ ಹಿಡಿಯಿತು. ಬೇರೆಯವರ ಮಾತು ಬಾಯಿಗೆ ಬರಲು ಆರು ಸೆಕೆಂಡು ಸಾಕಿತ್ತು. ನನ್ನದೇ ಮಾತು — ಅದಕ್ಕೆ ಅಭ್ಯಾಸವೇ ಇರಲಿಲ್ಲ.

ನಾನು ರೋನಿ. ಮಂಗಳೂರಿನ ಕೊಂಕಣಿ ಮನೆಯವನು. ಹದಿನಾಲ್ಕನೆಯ ವಯಸ್ಸಿಗೆ ಅಪ್ಪ ಅಮ್ಮನ ಹಿಂದೆ ಮೆಲ್ಬರ್ನಿಗೆ ಬಂದೆ. ಉತ್ತರದ ಅಂಚಿನಲ್ಲಿ, ಕ್ರೇಗಿಬರ್ನ್ ದಾರಿಯ ಒಂದು ಸಬರ್ಬ್. ಅಮ್ಮ ವೃದ್ಧಾಶ್ರಮದಲ್ಲಿ ನರ್ಸ್, ಅಪ್ಪ ಬ್ರೆಡ್ ಫ್ಯಾಕ್ಟರಿಯಲ್ಲಿ. ನನಗೆ ಎತ್ತರವಿಲ್ಲ, ಓಟವಿಲ್ಲ, ಗಣಿತ ಮೊದಲೇ ಇಲ್ಲ. ದೇವರು ಎಲ್ಲರಿಗೂ ಹಂಚಿ ಉಳಿದದ್ದನ್ನು ಗುಡಿಸಿ ನನ್ನ ಗಂಟಲಿಗೆ ಸುರಿದಿರಬೇಕು. ಪಾದ್ರಿಗಳ ಪ್ರವಚನ, ಕನ್ನಡ ಕೂಟದ ಅಧ್ಯಕ್ಷರ ಕೆಮ್ಮು, ಬೆಂಗಳೂರಿನ ಹುಡುಗರ ‘ಏನ್ ಗುರು’, ನನ್ನ ಅಮ್ಮನ ‘ಎಂತ ಮಾರಾಯ ನಿನ್ನದು, ಒಂದು ಕೆಲಸಕ್ಕೆ ಉಂಟಾ ನೀನು?’ — ಯಾರದ್ದು ಕೇಳಿದರೂ ಕೊಡುತ್ತಿದ್ದೆ. ನನ್ನದನ್ನೂ ಬಿಡುತ್ತಿರಲಿಲ್ಲ. ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುವ ಮಂಗಳೂರಿಗ ಮೆಲ್ಬರ್ನಿನ ಟ್ರಾಮಿನಲ್ಲಿ ಟಿಕೆಟ್ ಕಳೆದುಕೊಂಡರೆ ಹೇಗಿರುತ್ತಾನೆ — ಅದು ನನ್ನ ಬಹಳ ಜನಪ್ರಿಯ ಐಟಂ.

ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸುತ್ತಿದ್ದವರು ಒಬ್ಬರೇ. ಎರಡು ಬೀದಿ ಆಚೆಯ ಶಕುಂತಲಾ ಆಂಟಿ. ಹೆಸರು ಬದಲಾಯಿಸಿದ್ದೇನೆ, ಊರು ಬದಲಾಯಿಸಿಲ್ಲ, ಧಾರವಾಡವೇ. ಧಾರವಾಡವನ್ನು ಬದಲಾಯಿಸಿದರೆ ಆ ಮಾತು ಎಲ್ಲಿಂದ ತರಲಿ?

ನಮ್ಮಿಬ್ಬರ ನಡುವೆ ಒಂದು ಆಟವಿತ್ತು. ವಾರಕ್ಕೊಮ್ಮೆ ನಾನು ಯಾರದಾದರೂ ದನಿಯಲ್ಲಿ ಅವರ ಮನೆಗೆ ಫೋನು ಮಾಡಬೇಕು. ಮೊದಲ ಎರಡು ಮಾತಿನಲ್ಲೇ ಅವರು ಹಿಡಿದರೆ ಶನಿವಾರ ಅವರನ್ನು ಕಾರಿನಲ್ಲಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಅಕ್ಕಿಯ ಚೀಲ ಹೊರಬೇಕು. ಹಿಡಿಯದಿದ್ದರೆ ನನಗೆ ಶೇಂಗಾ ಹೋಳಿಗೆ. ಒಂದೂವರೆ ವರ್ಷದಲ್ಲಿ ನನಗೆ ಒಂದು ಹೋಳಿಗೆಯೂ ಸಿಗಲಿಲ್ಲ. ಗ್ಯಾಸ್ ಕಂಪನಿಯವನಾಗಿ ಮಾಡಿದೆ, ಶಾಲೆಯ ಪ್ರಿನ್ಸಿಪಾಲ್ ಆಗಿ ಮಾಡಿದೆ, ಪಂಜಾಬಿ ಟ್ಯಾಕ್ಸಿಯವನಾಗಿ ಹಿಂದಿಯಲ್ಲಿ ಮಾಡಿದೆ. ಪ್ರತಿ ಸಲವೂ ಆ ಕಡೆಯಿಂದ ಅದೇ ಉತ್ತರ —

“ಏ ಮಂಗ್ಯಾ, ನೀನ ಅಲ್ಲೇನು? ಇಡು ಫೋನು, ಒಲೀ ಮ್ಯಾಲ ಪಲ್ಯ ಅದ.”

ಈಗ ಅನ್ನಿಸುತ್ತದೆ, ನಾನು ಫೋನು ಮಾಡುತ್ತಿದ್ದದ್ದು ಗೆಲ್ಲಲಿಕ್ಕಲ್ಲ. ಆ ಒಂದು ಮಾತು ಕೇಳಲಿಕ್ಕೆ. ಯಾವ ವೇಷ ಹಾಕಿದರೂ ನನ್ನನ್ನು ಗುರುತು ಹಿಡಿಯುವವರು ಒಬ್ಬರಿದ್ದಾರೆ ಎಂಬ — ಅದಕ್ಕೆ ಏನೆನ್ನಬೇಕೋ. ಇರಲಿ.

ಆ ವರ್ಷ ನನಗೆ ಇಪ್ಪತ್ತು. ನಮ್ಮ ಶಾಪಿಂಗ್ ಮಾಲ್‌ನ ಪಕ್ಕ ಬೇಲಿ ಹಾಕಿ ಬಿಟ್ಟಿದ್ದ ಖಾಲಿ ಜಾಗದ ಮೇಲೆ ಕೌನ್ಸಿಲ್‌ನ, ಅಂದರೆ ಇಲ್ಲಿಯ ನಗರಸಭೆಯ, ಒಂದು ನೋಟಿಸು ಬಂತು. ಕಾಗದದಲ್ಲಿ ಅದಕ್ಕೆ ‘ಎಂಟರ್‌ಟೇನ್‌ಮೆಂಟ್ ಸೆಂಟರ್’ ಎಂದು ಹೆಸರು. ಒಳಗೆ ಹೋಟೆಲು, ಬಾರು, ಸಾಲು ಸಾಲು ಜೂಜಿನ ಮಷೀನು. ನಮ್ಮವರು ಅಷ್ಟುದ್ದ ಹೆಸರು ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ, ಕ್ಯಾಸಿನೋ ಎಂದುಬಿಟ್ಟರು. ಮಾಲ್‌ನಲ್ಲಿ ಹಣ್ಣಿನ ಅಂಗಡಿ ಮತ್ತು ಬೀಗದ ಕೈ ಮಾಡುವವನ ನಡುವೆ ಮೇಜು ಹಾಕಿ ಅದರ ಮಾದರಿಯನ್ನು ಇಟ್ಟಿದ್ದರು. ಹಸಿರು ಸ್ಪಂಜಿನ ಮರಗಳು, ಬೆರಳುಗುರಿನಷ್ಟು ಪ್ಲಾಸ್ಟಿಕ್ ಮನುಷ್ಯರು. ಮಾಲ್‌ನಿಂದ ಕ್ಯಾಸಿನೋಗೆ ಗಾಜಿನ ಓಣಿ — ಮಳೆ ಬಂದರೂ ನೆನೆಯದೆ ಹೋಗಬಹುದು ಎಂದು ಮೇಜಿನ ಹಿಂದೆ ನಿಂತಿದ್ದ ಎತ್ತರದ ಮನುಷ್ಯ ವಿವರಿಸುತ್ತಿದ್ದ. ಗೊಗ್ಗರು ದನಿ. ಮಾತಿನ ನಡುವೆ ಮೂಗಿನಿಂದ ಉಸಿರು. ನಾನು ಆಗಲೇ ಅದನ್ನು ಒಳಗೊಳಗೇ ಚಪ್ಪರಿಸತೊಡಗಿದ್ದೆ.

ಆಂಟಿ ಆ ಮಾದರಿಯ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. ಆಮೇಲೆ ಸೂಪರ್‌ಮಾರ್ಕೆಟ್ಟಿನ ಬಾಗಿಲ ಮೇಲೆ ಬೆರಳಿಟ್ಟರು. ಬೆರಳನ್ನು ಗಾಜಿನ ಓಣಿಯಲ್ಲಿ ಮೆಲ್ಲಗೆ ನಡೆಸಿದರು.

“ರೋನಿ, ಕೇಳು ಅವನಿಗೆ. ಹಾಲಿನ ಅಂಗಡಿಯಿಂದ ಇಲ್ಲೀತನಾ ಎಷ್ಟು ಹೆಜ್ಜಿ ಆಗ್ತದ?”

ಕೇಳಿದೆ. ಅವನು ನಕ್ಕು, ನಲವತ್ತಾಗಬಹುದು ಎಂದ. “ಆಂಟೀ, ನಿಮ್ಮ ಹೆಜ್ಜೆಯಾದರೆ ಅರವತ್ತು” ಎಂದು ನಾನು ಸೇರಿಸಿದೆ. ಅವರು ನಗಲಿಲ್ಲ. ನಗದಿದ್ದದ್ದನ್ನು ನಾನು ಗಮನಿಸಿದೆ. ಯಾಕೆಂದು ಕೇಳಲಿಲ್ಲ.

ಕ್ಯಾಸಿನೋ ಬೇಡವೆಂದು ಸಹಿ ಹಾಕಲು ನಮ್ಮವರು ಬೇಕಾದಷ್ಟು ಜನ ಇದ್ದರು. ಕೌನ್ಸಿಲ್ ಜನರ ಅಹವಾಲು ಕೇಳುವ ಹಿಯರಿಂಗ್‌ಗೆ ಬಂದು ಎದ್ದು ನಿಂತು ಮಾತಾಡುತ್ತೇನೆ ಎಂದು ಹೆಸರು ಕೊಟ್ಟವರು ಆಂಟಿ ಒಬ್ಬರೇ. ತಲೆಗೆ ಮೂರು ನಿಮಿಷ. ಆ ಮೂರು ನಿಮಿಷದ ಇಂಗ್ಲಿಷನ್ನು ಅವರು ನಮ್ಮ ಮನೆಯ ಊಟದ ಮೇಜಿನ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರು. ನಾನು ಗಡಿಯಾರ ಹಿಡಿದು ಕೂರುತ್ತಿದ್ದೆ. ಹಿಯರಿಂಗ್‌ಗೆ ಕಾರಿನಲ್ಲಿ ಕರೆದುಕೊಂಡು ಹೋಗಬೇಕಾದವನೂ ನಾನೇ. “ನಿಮ್ಮ ಅಂಕಲ್‌ಗ ಹೇಳಬ್ಯಾಡ ಮತ್ತ” ಎಂದಿದ್ದರು. ಅವರ ಗಂಡ ಅನಂತ ಅಂಕಲ್ ಊರಿನಲ್ಲಿ ಎಂಜಿನಿಯರ್ ಆಗಿದ್ದವರು, ಇಲ್ಲಿ ಗೋದಾಮಿನಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಚಹಾ ಕುಡಿದು, ನಾಲ್ಕಕ್ಕೆ ಮಾಲ್‌ಗೆ ನಡೆದು ಹೋಗಿ ಹಾಲು ತರುವ, ಇರುವೆಗೂ ದಾರಿ ಬಿಡುವ ಮನುಷ್ಯ. ಹೆಂಡತಿ ಸಭೆಯಲ್ಲಿ ಮಾತಾಡಿದರೆ ಅವರಿಗೆ ಸಂಕೋಚವಾಗುತ್ತದೆ ಎಂದುಕೊಂಡೆ. ನನ್ನ ತಿಳಿವಳಿಕೆಯೇ ಅಷ್ಟು.

ಎಷ್ಟು ಸಲ ಓದಿದರೂ ಆಂಟಿಯ ಭಾಷಣ ಎರಡೂವರೆ ನಿಮಿಷಕ್ಕೆ ಮುಗಿಯುತ್ತಿತ್ತು.

“ಇನ್ನರ್ಧ ನಿಮಿಷ ಬಾಕಿ ಉಂಟು ಆಂಟಿ. ಒಂದು ಹಾಡು ಹೇಳಿ.”

“ಅದು ಒಂದು ಮಾತಿಗೆ ಇಟ್ಟದ್ದು. ಅಲ್ಲೇ ಹೇಳ್ತೇನಿ. ಇಲ್ಲೆ ಬ್ಯಾಡ.”

“ನನಗೂ ಹೇಳುದಿಲ್ವಾ?”

“ನಿನಗ ಹೇಳಿದರ ನಾಳೆ ಕೂಟದ ಸ್ಟೇಜ್ ಮ್ಯಾಲ ಬರ್ತದ ಅದು.”

ಹೀಗೆಂದು ನಕ್ಕರು. ನಾನೂ ನಕ್ಕೆ. ಎಷ್ಟು ಸರಿಯಾಗಿ ನನ್ನನ್ನು ಅಳೆದಿದ್ದರು.

ಹಿಯರಿಂಗ್ ಗುರುವಾರ ಸಂಜೆ ಆರಕ್ಕೆ. ಬುಧವಾರ ಮಧ್ಯಾಹ್ನ ನಾನು ಕಾಲೇಜಿಗೆ ಚಕ್ಕರ್ ಹಾಕಿ ಮನೆಯಲ್ಲಿದ್ದೆ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಫೋನು. ಕೆಟ್ಟ ಉದ್ದೇಶ ಯಾವುದೂ ಇರಲಿಲ್ಲ ಎಂದು ಬರೆಯಲು ಹೊರಟೆ, ಅಳಿಸಿದ್ದೇನೆ. ಉದ್ದೇಶವೇ ಇರಲಿಲ್ಲ ಎನ್ನುವುದು ಹೆಚ್ಚು ನಿಜ. ಆಂಟಿ ಹೆದರಿದ್ದಾರೆ, ಸ್ವಲ್ಪ ನಗಿಸೋಣ — ಹೀಗೇನೋ. ಎರಡನೆಯ ಮಾತಿಗೇ ‘ಏ ಮಂಗ್ಯಾ’ ಬರುತ್ತದೆ, ಬೈಸಿಕೊಂಡು ಇಡುತ್ತೇನೆ, ಶನಿವಾರ ಅಕ್ಕಿ ಹೊರುತ್ತೇನೆ.

“ಗುಡ್ ಆಫ್ಟರ್‌ನೂನ್ ಮ್ಯಾಮ್, ಗ್ರೆಗ್ ಹಿಯರ್, ಫ್ರಮ್ ದ ಕೌನ್ಸಿಲ್” ಎಂದೆ. ನಾಳೆಯ ಹಿಯರಿಂಗ್ ಮುಂದಿನ ಗುರುವಾರಕ್ಕೆ ಹೋಗಿದೆ, ಅದೇ ಜಾಗ, ಅದೇ ಸಮಯ, ಸಾರಿ ಫಾರ್ ದ ಟ್ರಬಲ್ ಎಂದೆ. ಕಾದೆ.

‘ಏ ಮಂಗ್ಯಾ’ ಬರಲಿಲ್ಲ.

ಆ ಕಡೆ ಯಾರೋ ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ ಸದ್ದು. ಆಮೇಲೆ ಆಂಟಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರ ಇಂಗ್ಲಿಷನ್ನು ನಕಲು ಮಾಡುವ ಹಕ್ಕು ನನಗೆ ಉಳಿದಿಲ್ಲ.

“ಸರ್, ಇಡಬೇಡಿ, ಒಂದು ನಿಮಿಷ. ಹಿಯರಿಂಗ್‌ನಲ್ಲಿ ನಾನು ಹೇಳಿದ್ದನ್ನು ಎಲ್ಲರೂ ಕೇಳುತ್ತಾರೆ, ಅಲ್ಲವೇ? ನಮ್ಮ ಜನವೂ ಬಂದಿರಬಹುದು. ನನಗೆ ಒಂದು ಮಾತು ಹೇಳಬೇಕಿದೆ. ನಮ್ಮವರ ಮುಂದೆ ಬಾಯಿ ಬರುವುದಿಲ್ಲ. ನಿಮಗೆ ಹೇಳಿದರೆ ಆಗುತ್ತದೆಯೇ?”

ಇಲ್ಲಿ — ಇಲ್ಲೇ — ನಾನು ನಗಬೇಕಿತ್ತು. ‘ಆಂಟಿ, ಹೋಳಿಗೆ ತಯಾರಿಡಿ’ ಎನ್ನಬೇಕಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಗೆದ್ದಿದ್ದೆ. ಆ ಗೆಲುವು ಒಂದು ಕ್ಷಣ ಬಾಯಿ ಮುಚ್ಚಿಸಿತು. ಆ ಒಂದು ಕ್ಷಣದಲ್ಲಿ ಅವರು ಶುರು ಮಾಡಿಬಿಟ್ಟರು.

“ನನ್ನ ಗಂಡ ಒಳ್ಳೆಯವರು, ಸರ್. ಮೊದಲು ಅದನ್ನು ಬರೆದುಕೊಳ್ಳಿ.”

ಬರೆದುಕೊಳ್ಳಲು ನನ್ನ ಕೈಯಲ್ಲಿ ಬಾಳೆಹಣ್ಣಿತ್ತು.

ಎರಡು ವರ್ಷದ ಹಿಂದೆ ಬೇರೊಂದು ಸಬರ್ಬ್‌ನಲ್ಲಿದ್ದಾಗ ಅವರ ಬೀದಿಯ ಮೂಲೆಯಲ್ಲೇ ಒಂದು ಪಬ್. ಅದರೊಳಗೆ ಆ ಮಷೀನುಗಳು. ಅಂಕಲ್‌ಗೆ ಎಂಜಿನಿಯರ್ ಕೆಲಸ ಎಲ್ಲೂ ಸಿಕ್ಕಿರಲಿಲ್ಲ. ಮೊದಲು ಹತ್ತು ನಿಮಿಷ ಕೂತು ಬರುತ್ತಿದ್ದವರು, ಆಮೇಲೆ ಸಂಜೆಯೆಲ್ಲ. ಒಂದು ದಿನ ಮಗಳು ಮೇಘಾಳನ್ನು ಶಾಲೆಯಿಂದ ಕರೆತರಲು ಹೊರಟವರು ದಾರಿಯಲ್ಲಿ ಅಲ್ಲಿಗೆ ಹೊಕ್ಕರು. ಏಳು ವರ್ಷದ ಮಗು ಎರಡು ಗಂಟೆ ಗೇಟಿನ ಹತ್ತಿರ ಮಳೆಯಲ್ಲಿ ನಿಂತಿತ್ತು. ಟೀಚರ್ ಒಳಗೆ ಕರೆದರೂ ಬರಲಿಲ್ಲವಂತೆ. ಆಂಟಿ ಓಡಿ ಹೋದಾಗ ಅವಳು ಹೇಳಿದ್ದು — ಅಪ್ಪ ಮರೆತಿಲ್ಲ ಅಮ್ಮಾ, ಬರ್ತಾರೆ.

“ಅದಕ್ಕೇ ಈ ಕಡೆ ಮನೆ ಮಾಡಿದೆವು, ಸರ್. ಇಲ್ಲಿಂದ ಹತ್ತಿರದ ಮಷೀನಿಗೆ ಎರಡು ಬಸ್ಸು. ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಅವರಿಗೆ ಬುದ್ಧಿ ಬರುತ್ತದೆ. ನಾನು ನೋಡಿದ್ದೇನೆ, ಒಂದನೇ ಬಸ್ಸಿನಿಂದಲೇ ಇಳಿದು ವಾಪಸು ಬಂದಿದ್ದಾರೆ. ನಲವತ್ತು ಹೆಜ್ಜೆಯಲ್ಲಿ ಬುದ್ಧಿ ಬರುವುದಿಲ್ಲ, ಸರ್.”

ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ಬಹುಶಃ ನಾನು — ಗೊತ್ತಿಲ್ಲ. ನಾನು ನಾನೇ ಎಂದು ಈಗ ಹೇಳಿದರೆ, ಇದನ್ನೆಲ್ಲ ಕೇಳಿದವನು ಕೌನ್ಸಿಲ್‌ನ ಯಾವುದೋ ಬಿಳಿಯ ಆಫೀಸರ್ ಅಲ್ಲ, ಕೂಟದ ಸ್ಟೇಜಿನ ಮೇಲೆ ಎಲ್ಲರನ್ನೂ ಆಡಿಕೊಳ್ಳುವ ರೋನಿ ಎಂದು ಅವರಿಗೆ ಗೊತ್ತಾಗುತ್ತದೆ. ಅವರ ಮುಖ ಕಣ್ಣಿಗೆ ಬಂತು. ಅವರಿಗೆ ಅವಮಾನವಾಗಬಾರದು ಎಂದುಕೊಂಡೆ. ಆರು ವರ್ಷ ಇದನ್ನು ನಂಬಿಕೊಂಡೇ ಬಂದೆ. ನಿಜ ಬೇರೆ. ಆ ಮುಖವನ್ನು ಎದುರಿಸಲು ನನಗೆ ಧೈರ್ಯವಿರಲಿಲ್ಲ.

ಗ್ರೆಗ್‌ಗಿತ್ತು. ಗ್ರೆಗ್ ಮಾತಾಡಿದ —

“ನೋ ವರೀಸ್, ಲವ್. ಐ ಹ್ಯಾವ್ ಇಟ್ ಆಲ್ ಡೌನ್.” ಎಲ್ಲ ಬರೆದುಕೊಂಡಿದ್ದೇನೆ. ಈ ಮಾತನ್ನು ನೀವು ಅಲ್ಲಿ ಮತ್ತೆ ಹೇಳಬೇಕಾಗಿಯೇ ಇಲ್ಲ ಎಂದ.

“ಗಾಡ್ ಬ್ಲೆಸ್ ಯೂ, ಸರ್” ಎಂದರು ಆಂಟಿ. ಇದೊಂದನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಅದರ ಭಾರ ನಾನು ಹೊರಬೇಕಾದದ್ದು.

ಸಂಜೆ ಅವರೇ ಫೋನು ಮಾಡಿದರು. “ರೋನಿ, ನಾಳೆ ಬರಬ್ಯಾಡಪಾ. ಮುಂದಿನ ಗುರುವಾರಕ್ಕ ಹೋಗ್ಯದ.” ಸರಿ ಆಂಟಿ ಎಂದೆ. ಗುರುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಡಬ್ಬಿಯ ತುಂಬ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಅಮ್ಮನಿಗೆ ಹೇಳುತ್ತಿದ್ದರು — “ಏನು ಛಲೋ ಮನಷ್ಯಾ ರೀ ಆ ಆಫೀಸರ್. ನನ್ನ ಮಾತು ಅಷ್ಟೂ ಕೇಳ್ದ. ಎಷ್ಟೋ ದಿನದ ಮ್ಯಾಲ ರಾತ್ರಿ ನಿದ್ದಿ ಬಂತು ನನಗ.” ಆಮೇಲೆ ನನ್ನ ಕಡೆ ತಿರುಗಿ, “ನಿನ್ನಂಗ ಮಂಗ್ಯಾ ಅಲ್ಲ” ಎಂದರು.

ಹೋಳಿಗೆ ತಿಂದೆ. ಆಟದ ನಿಯಮದ ಪ್ರಕಾರ ಅದು ನನ್ನದೇ. ಎರಡನೆಯದನ್ನು ಅವರೇ ತಟ್ಟೆಗೆ ಹಾಕಿದರು, ಅದನ್ನೂ ತಿಂದೆ.

ಆ ಹೊತ್ತಿಗೂ ಕಾಲ ಮಿಂಚಿರಲಿಲ್ಲ. ಸಂಜೆ ಆರಕ್ಕೆ ಇನ್ನೂ ಒಂಬತ್ತು ಗಂಟೆಯಿತ್ತು. ಮಧ್ಯಾಹ್ನ ಹೇಳುತ್ತೇನೆ ಎಂದುಕೊಂಡೆ. ಮಧ್ಯಾಹ್ನ ನಾಲ್ಕಕ್ಕೆ ಹೇಳುತ್ತೇನೆ ಎಂದುಕೊಂಡೆ. ಐದೂವರೆಗೆ ಒಬ್ಬನೇ ಕಾರು ತೆಗೆದುಕೊಂಡು ಹಿಯರಿಂಗ್‌ಗೆ ಹೋದೆ. ಯಾಕೆ ಹೋದೆನೋ. ಅವರ ಪರವಾಗಿ ನಾನೇ ಎದ್ದು ಮಾತಾಡಬೇಕು ಎಂದಿತ್ತೇ? ಇದ್ದಿರಬಹುದು. ಅವರ ಎರಡೂವರೆ ನಿಮಿಷ ನನಗೆ ಅಕ್ಷರಶಃ ಬಾಯಿಪಾಠವಿತ್ತು. ಅವರು ಹೇಳದೆ ಬಿಟ್ಟಿದ್ದ ಅರ್ಧ ನಿಮಿಷವೂ ಈಗ ಗೊತ್ತಿತ್ತು.

ಹಿಂದಿನ ಸಾಲಿನಲ್ಲಿ ಕೂತೆ. ನಮ್ಮವರು ಇನ್ನು ಯಾರೂ ಬಂದಿರಲಿಲ್ಲ. ಒಬ್ಬ ಮುದುಕ ಪಾರ್ಕಿಂಗ್ ಬಗ್ಗೆ ಮಾತಾಡಿದ. ಒಬ್ಬ ಹೆಂಗಸು ಗದ್ದಲದ ಬಗ್ಗೆ. ಆಮೇಲೆ ಅಧ್ಯಕ್ಷತೆ ವಹಿಸಿದ್ದಾಕೆ ಕಾಗದ ನೋಡಿ ಆಂಟಿಯ ಹೆಸರನ್ನು ಕರೆದಳು — ಒಂದೊಂದೇ ಅಕ್ಷರ, ಗಾಜಿನ ಲೋಟ ಎತ್ತಿಡುವ ಹಾಗೆ, ಬಹಳ ಜಾಗ್ರತೆಯಿಂದ. ಕಾದಳು. ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ಕರೆದಳು. ಜನ ತಲೆ ತಿರುಗಿಸಿ ನೋಡಿದರು. ಇಡೀ ಸಭೆಯಲ್ಲಿ ಕಂದು ಮುಖದವನು ನಾನೊಬ್ಬನೇ ಇರಬೇಕು. ಕೆಲವರು ನನ್ನನ್ನೇ ನೋಡಿದರು.

ನಾನು ನೆಲ ನೋಡಿದೆ.

“ನಾಟ್ ಪ್ರೆಸೆಂಟ್” ಎಂದು ಬರೆದುಕೊಂಡು ಮುಂದಿನ ಹೆಸರಿಗೆ ಹೋದರು. ಯಾರ ದನಿ ಬೇಕಾದರೂ ತೆಗೆಯುತ್ತೇನೆ ಎಂದು ಮೆರೆಯುತ್ತಿದ್ದವನ ಗಂಟಲಿನಲ್ಲಿ ಆ ದಿನ ಏನೂ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮುಂದಿನ ಗುರುವಾರ. ಆಂಟಿ ಇಳಕಲ್ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿ, ಭಾಷಣದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಕಾರು ಹತ್ತಿದರು. ನಾನು ಕಾರು ಓಡಿಸಿದೆ. ಹೌದು, ಎಲ್ಲ ಗೊತ್ತಿದ್ದೂ ಓಡಿಸಿದೆ. ದಾರಿಯುದ್ದಕ್ಕೂ ಅವರು ಭಾಷಣ ಹೇಳಿಕೊಳ್ಳುತ್ತಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಒಂದು ಪದದ ಉಚ್ಚಾರ ಕೇಳಿದರು, ಹೇಳಿಕೊಟ್ಟೆ.

ಹಾಲ್‌ನಲ್ಲಿ ಬಾಲ್‌ರೂಮ್ ಡ್ಯಾನ್ಸ್ ಕ್ಲಾಸು ನಡೆಯುತ್ತಿತ್ತು. ವಯಸ್ಸಾದ ಜೋಡಿಗಳು ಕೈ ಹಿಡಿದು ತಿರುಗುತ್ತಿದ್ದರು. ಪಕ್ಕದ ಕಚೇರಿಯಲ್ಲಿ ಬಾಗಿಲು ಹಾಕುತ್ತಿದ್ದ ಹುಡುಗಿ, ಅದು ಹೋದ ವಾರವೇ ಆಯಿತಲ್ಲ ಎಂದಳು. ಆಂಟಿ ಗ್ರೆಗ್‌ನ ಹೆಸರು ಹೇಳಿದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ ಎಂದಳು ಹುಡುಗಿ, ಬಹಳ ಮರುಕದಿಂದ.

“ಬಟ್ ಹೀ ರೋಟ್ ಇಟ್ ಡೌನ್” ಎಂದರು ಆಂಟಿ. ಅವನು ಬರೆದುಕೊಂಡಿದ್ದಾನೆ. ಎರಡು ಸಲ ಹೇಳಿದರು. ಎರಡನೆಯ ಸಲ ದನಿ ಇರಲಿಲ್ಲ.

ವಾಪಸು ಬರುವಾಗ ಮಾಲ್ ಪಕ್ಕದ ಖಾಲಿ ಜಾಗ ದಾಟಿದೆವು. ಆಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು —

“ಯಾವನೋ ಒಬ್ಬನ ಕಡೆ ನನ್ನ ಮನೀ ಮಾತು ಹೋತು, ರೋನಿ. ಯಾವನು ಅಂತ ಗೊತ್ತಿಲ್ಲ. ಎಲ್ಲೆ ಕೂತು ನಗ್ಲಿಕತ್ತಾನೋ.”

ನಾನು ಗೇರು ಬದಲಾಯಿಸಿದೆ.

“ಏನರೆ ಮಿಮಿಕ್ರಿ ಮಾಡೋ. ನಗಬೇಕಾಗ್ಯದ ನನಗ.”

ಮಾಡಿದೆ. ಪಾದ್ರಿಗಳನ್ನು ಮಾಡಿದೆ. ಅಧ್ಯಕ್ಷರ ಕೆಮ್ಮು ಮಾಡಿದೆ. ಅಮ್ಮನನ್ನು ಮಾಡಿದೆ, ಅಪ್ಪನನ್ನು ಮಾಡಿದೆ, ಪಂಜಾಬಿ ಟ್ಯಾಕ್ಸಿಯವನನ್ನು ಮಾಡಿದೆ. ಟ್ರಾಮಿನ ಮಂಗಳೂರಿಗನನ್ನೂ ಮಾಡಿದೆ. ಬಾಯಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಆಂಟಿ ನಗಲಿಲ್ಲ, ಪಾಠ ಒಪ್ಪಿಸಿಕೊಳ್ಳುವ ಟೀಚರಿನ ಹಾಗೆ ಒಂದೊಂದನ್ನೂ ಪೂರ್ತಿ ಕೇಳಿದರು. ಅವರ ಮನೆಯ ಮುಂದೆ ಕಾರು ನಿಂತಿತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಮೊದಲ ಸಲ ನನ್ನ ಕಡೆ ತಿರುಗಿದರು.

“ಎಲ್ಲಾರದೂ ಮುಗೀತೇನು?”

“ಮುಗೀತು ಆಂಟಿ.”

ಇನ್ನೂ ಒಂದು ಕ್ಷಣ ನೋಡಿದರು. ಆಮೇಲೆ ಇಳಿದು, ಪ್ಲಾಸ್ಟಿಕ್ ಕವರನ್ನು ಎದೆಗೊತ್ತಿಕೊಂಡು ಒಳಗೆ ಹೋದರು.

ಅವರಿಗೆ ಗೊತ್ತಾಗಿತ್ತೇ? ಆರು ವರ್ಷದಿಂದ ಆ ಒಂದು ಪ್ರಶ್ನೆಯನ್ನು ಎತ್ತಿ ಎತ್ತಿ ನೋಡುತ್ತಿದ್ದೇನೆ. ಗೊತ್ತಾಗಿ, ನನ್ನ ಬಾಯಿಂದಲೇ ಬರಲಿ ಎಂದು ಬಾಗಿಲು ತೆರೆದು ಕಾದರೇ? ಅಥವಾ ದಣಿದ ಹೆಂಗಸೊಬ್ಬಳು ಸುಮ್ಮನೆ ಕೇಳಿದ ಮಾತೇ? ಗೊತ್ತಿಲ್ಲ. ಗೊತ್ತಾಗಿರದಿರಲಿ ಎಂದು ಆಸೆಪಡುತ್ತೇನೆ. ಗೊತ್ತಾಗಿರಲಿ ಎಂದು ಅದಕ್ಕಿಂತ ಹೆಚ್ಚು ಆಸೆಪಡುತ್ತೇನೆ.

ಆ ವರ್ಷದ ಕೂಟದ ಊಟದಲ್ಲಿ ಆಂಟಿಯೇ ಎಲ್ಲರೆದುರು ಹೇಳಿಕೊಂಡು ನಕ್ಕರು — “ನಾ ಎಂಥಾ ದಡ್ಡಿ ರೀ, ಒಂದು ವಾರ ತಪ್ಪಿ ಹೋಗಿ ಮುದುಕರ ಡ್ಯಾನ್ಸ್ ನೋಡಿಕೊಂಡು ಬಂದೆ.” ಫೋನಿನ ಮಾತೇ ಎತ್ತಲಿಲ್ಲ. “ಪರವಾಗಿಲ್ಲ ಬಿಡಿ ಆಂಟಿ, ನೀವೂ ಎರಡು ಸ್ಟೆಪ್ ಹಾಕಿ ಬರಬೇಕಿತ್ತು” ಎಂದು ಬೆಂಗಳೂರಿನ ಹುಡುಗನೊಬ್ಬ ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕ್ಯಾಸಿನೋ ಬಂತು. ಗಾಜಿನ ಓಣಿಯೂ ಬಂತು. ಆಂಟಿ ಮಾತಾಡಿದ್ದರೆ ನಿಲ್ಲುತ್ತಿತ್ತೇ? ಒಬ್ಬ ಹೆಂಗಸಿನ ಮೂರು ನಿಮಿಷಕ್ಕೆ ಅಷ್ಟು ದೊಡ್ಡ ಕಟ್ಟಡ ನಿಲ್ಲುವುದಿಲ್ಲ — ಈ ವಾದವನ್ನು ನನ್ನ ವಕೀಲನಾಗಿ ಬಹಳ ವರ್ಷ ಸಾಕಿಕೊಂಡಿದ್ದೆ. ಈಗ ಮನೆಗೆ ಕಳಿಸಿದ್ದೇನೆ. ನಿಲ್ಲುತ್ತಿತ್ತೋ ಇಲ್ಲವೋ, ಆ ಮೂರು ನಿಮಿಷ ಅವರದಾಗಿತ್ತು.

ತೆರೆದ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಗಾಜಿನಾಚೆ ಅನಂತ ಅಂಕಲ್ ಕಂಡರು. ಎತ್ತರದ ಸ್ಟೂಲಿನ ಮೇಲೆ, ಬೆನ್ನು ನನ್ನ ಕಡೆ. ಕಾಲ ಬಳಿ ನೆಲದ ಮೇಲೆ ಹಾಲಿನ ಕ್ಯಾನು, ಮೈಯೆಲ್ಲ ಬೆವರಿ ನಿಂತಿತ್ತು. ಓಣಿಯ ಈಚೆ ಮಾಲ್‌ನ ಬೆಂಚಿನ ಮೇಲೆ ಆಂಟಿ. ಪಕ್ಕದಲ್ಲಿ ಮೇಘಾ, ತೊಡೆಯ ಮೇಲೆ ಕನ್ನಡ ಕಾಪಿ ಪುಸ್ತಕ. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮಗಳನ್ನು ಒಬ್ಬಳೇ ಬಿಟ್ಟು ಆಂಟಿ ಒಳಗೆ ಹೋಗುವುದಿಲ್ಲ.

“ಅಮ್ಮಾ, ಕ್ಯಾನ್ ವೀ ಗೋ ನೌ?”

“ಇನ್ನೊಂದು ಸಾಲು ಬರೀ ಪುಟ್ಟಿ. ಬರ್ತಾರ ಅಪ್ಪ.”

ನಾನು ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋದೆ. ಮೇಲೆ ನನಗೆ ಏನೂ ಕೆಲಸವಿರಲಿಲ್ಲ.

ಆಮೇಲೆ ಸಿಡ್ನಿ. ಓದು ಅರ್ಧಕ್ಕೆ ಬಿಟ್ಟು ಅಲ್ಲಿಯ ಪರಮಟ್ಟ ಎಂಬ ಭಾಗದ ಒಂದು ಕಾಲ್ ಸೆಂಟರ್ ಸೇರಿದೆ. ನನಗೆ ಬೇರೇನು ಬರುತ್ತದೆ? ದಿನವಿಡೀ ಅಪರಿಚಿತರು ಫೋನಿನಲ್ಲಿ ತಮ್ಮ ಕಷ್ಟ ಹೇಳುತ್ತಾರೆ. ನಾನು ನಿಜವಾಗಿಯೂ ಬರೆದುಕೊಳ್ಳುತ್ತೇನೆ. ಒಂದೊಂದು ಅಕ್ಷರವನ್ನೂ. ಸೂಪರ್‌ವೈಸರ್‌ಗೆ ನಾನು ಅತಿ ನಿಧಾನ ಎಂದು ಸಿಟ್ಟು. ರೂಮಿನ ಹುಡುಗರು ಈಗಲೂ, “ಗುರು, ಒಂದು ಐಟಂ ಬಿಡೋ” ಎನ್ನುತ್ತಾರೆ. ಬಿಡುತ್ತೇನೆ. ಗ್ರೆಗ್‌ನ ದನಿ ತೆಗೆಯುವುದಿಲ್ಲ. ಧಾರವಾಡದ ದನಿಯನ್ನಂತೂ — ಒಂದು ಸಲ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿಟ್ಟು, ‘ಏ ಮಂಗ್ಯಾ’ ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಬರಲಿಲ್ಲ. ಎಲ್ಲರ ದನಿಯನ್ನೂ ಕದ್ದವನಿಗೆ ಬೇಕಾದ ಒಂದೇ ದನಿ ಸಿಗಲಿಲ್ಲ. ನಂಬರ್ ಕಾಣಿಸದ ಫೋನು ಬಂದಾಗಲೆಲ್ಲ ಆಂಟಿಯೇ ಇರಬಹುದು ಎಂದು ಎತ್ತುತ್ತೇನೆ. ಸಾಮಾನ್ಯವಾಗಿ ಇನ್ಶೂರೆನ್ಸ್‌ನವರು.

ಅಮ್ಮನ ಫೋನಿನಿಂದ ಸುದ್ದಿ ಸಿಗುತ್ತದೆ. “ಶಕುಂತಲಾ ಮಗಳನ್ನು ಕರ್ಕೊಂಡು ಬಾಕ್ಸ್ ಹಿಲ್‌ಗೆ ಹೋದಳು ಮಾರಾಯ. ಅಲ್ಲಿ ಆಸ್ಪತ್ರೆಯ ಅಡಿಗೆಮನೆಯಲ್ಲಿ ಕೆಲಸ. ಗಂಡ ಬೇರೆಯೇ ಇದ್ದಾರೆ. ಎಂತ ಆಯ್ತೋ ಯಾರಿಗೆ ಗೊತ್ತುಂಟು?” ನನಗೆ ಗೊತ್ತುಂಟು ಅಮ್ಮಾ, ಎನ್ನಲಿಲ್ಲ. ಮೆಲ್ಬರ್ನಿನ ಪೂರ್ವಕ್ಕಿರುವ ಬಾಕ್ಸ್ ಹಿಲ್‌ನ ನಂಬರು ಬರೆದುಕೊಂಡೆ.

ಹೋದ ಭಾನುವಾರ ಮಾಡಿದೆ. ಮೂರು ರಿಂಗಿಗೆ ಎತ್ತಿದರು. ಅದೇ ‘ಹಲೋ’, ಕೊನೆಯಲ್ಲಿ ಸ್ವಲ್ಪ ಏರುವ ‘ಹಲೋ’. ಹಿಂದೆ ಒಗ್ಗರಣೆಯ ಸದ್ದು.

“ಆಂಟಿ…” ಎಂದೆ.

“ಯಾರ್ರೀ ಮಾತಾಡೋದು?”

ಆಗ ಗೊತ್ತಾಯಿತು. ಒಂದೂವರೆ ವರ್ಷ, ವಾರ ವಾರ ಫೋನು ಮಾಡಿದ್ದೆನಲ್ಲ — ಒಂದು ಸಲವೂ ನನ್ನ ದನಿಯಲ್ಲಿ ಮಾಡಿರಲಿಲ್ಲ. ನಾನು ವೇಷದಲ್ಲಿದ್ದಾಗ ಎರಡನೆಯ ಮಾತಿಗೆ ನನ್ನನ್ನು ಹಿಡಿಯುತ್ತಿದ್ದವರಿಗೆ ಫೋನಿನಲ್ಲಿ ನನ್ನ ಬರಿಯ ದನಿ ಪರಿಚಯವೇ ಇರಲಿಲ್ಲ. “ಯಾರ್ರೀ?” ಎಂದು ಇನ್ನೊಮ್ಮೆ ಕೇಳಿದರು. ದನಿಯಲ್ಲಿ ಸಣ್ಣ ಹೆದರಿಕೆ. ಗುರುತಿಲ್ಲದ ಗಂಡಸಿನ ಫೋನೆಂದರೆ ಅವರಿಗೆ ಹೆದರಿಕೆಯಾಗುವಂತೆ ಮಾಡಿದವನೂ ನಾನೇ.

ಇಟ್ಟುಬಿಟ್ಟೆ. ಇದೂ ತಪ್ಪೇ. ಪಟ್ಟಿಗೆ ಸೇರಿಸಿಕೊಳ್ಳಿ.

ಮೆಲ್ಬರ್ನಿಗೆ ಹೋಗಲು ಶನಿವಾರ ಬೆಳಗಿನ ರೈಲಿಗೆ ಟಿಕೆಟ್ ಬುಕ್ ಮಾಡಿದ್ದೇನೆ. ವಿಮಾನವಾದರೆ ಒಂದೂವರೆ ಗಂಟೆ. ಮನಸ್ಸು ಬದಲಾಯಿಸಿ ಓಡಿಹೋಗದೆ ಕೂರಲು ಸಾಧ್ಯವೇ ಎಂದು ನನ್ನನ್ನು ನಾನು ನೋಡಿಕೊಳ್ಳಬೇಕಿದೆ, ಹನ್ನೊಂದು ಗಂಟೆಯ ದಾರಿಯೇ ಸರಿ. ಈ ಕಾಗದಗಳನ್ನು ಅವರೆದುರು ಓದುತ್ತೇನೆ. ಅವರು ಬೇಡ ಎಂದರೆ ಇದು ಅಲ್ಲೇ ನಿಲ್ಲುತ್ತದೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವರು ಬೇಡ ಎನ್ನಲಿಲ್ಲ ಎಂದಷ್ಟೇ ಅರ್ಥ. ಕ್ಷಮಿಸಿದರು ಎಂದಲ್ಲ. ಕ್ಷಮೆ ಕೇಳುವುದನ್ನೂ ನಾನು ಬರೆದಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ಕಷ್ಟ ಮತ್ತೆ ಅವರ ಪಾಲಿಗೆ.

ಅವರಿಗೆ ತಿಳಿಯಬೇಕಾದದ್ದು ಒಂದೇ. ಅವರ ಮನೆಯ ಮಾತು ಯಾವುದೋ ಅಪರಿಚಿತನ ಬಳಿ ಇಲ್ಲ. ಅವನು ಎಲ್ಲೋ ಕೂತು ನಗುತ್ತಿಲ್ಲ. ಅದು ನನ್ನ ಬಳಿ ಇದೆ — ಮಳೆ, ಗೇಟು, ‘ಅಪ್ಪ ಮರೆತಿಲ್ಲ’ ಎಂದ ಮಗು, ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ ಎಂದು ಅವರು ಹೇಳಿದ ಆ ವಾಕ್ಯ. ಆರು ವರ್ಷ ತಡವಾಗಿ ಈಗ ಬರೆದುಕೊಂಡಿದ್ದೇನೆ.

ಓದಿ ಮುಗಿಸಿದ ಮೇಲೆ ಗ್ರೆಗ್‌ನ ದನಿಯನ್ನು ಅವರೆದುರು ಒಂದು ಸಲ, ಕೊನೆಯ ಸಲ, ತೆಗೆಯಬೇಕು. ನಂಬಲು ಅವರಿಗೆ ಅದು ಬೇಕಾಗುತ್ತದೆ. ಆಗ ಅವರ ಮುಖವನ್ನು ನಾನು ನೋಡಬೇಕು, ನೆಲವನ್ನಲ್ಲ.

ಅಂದು ಕಾರಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೇಳಿದಿರಲ್ಲ ಆಂಟಿ, ಎಲ್ಲಾರದೂ ಮುಗೀತೇನು ಎಂದು.

ಇಲ್ಲ ಆಂಟಿ. ಒಂದು ಉಳಿದಿದೆ.